ಗುಡ್ಡೆ ಕಡಿದ ಜಾಗ ಕೊಳ್ಳುವವರಿಗೆ

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತವರು ಮೊದಲೆಲ್ಲ ನಿದ್ದೆ ಮಾಡುತ್ತಿದ್ದರು. ಈಗ ಜಾಗ ನೋಡುತ್ತಾರೆ. ಎಲ್ಲಿ ಗುಡ್ಡೆ ಕಡಿದು ಕೆಂಪು ಮಣ್ಣು ಕಂಡಿತೋ ಅಲ್ಲಿ ಕತ್ತು ತಿರುಗುತ್ತದೆ. "ಇದು ಸೈಟಾ? ಮಾರ್ಲಿಕ್ಕೆ ಉಂಟಾ?" ಎಂದು ಪಕ್ಕದವರನ್ನು ಕೇಳುತ್ತಾರೆ. ಟೈಲರು, ಮೀನಿನ ಲಾರಿಯವನು, ಹಾಲಿನ ಡಿಪೋದ ಗುಮಾಸ್ತ, ಮದುವೆ ಮನೆಗಳಿಗೆ ಶಾಮಿಯಾನ ಹಾಕುವವನು, ಎಲ್ಲರಿಗೂ ಒಂದು ಸೈಟು ಬೇಕು. ಅದರಲ್ಲಿ ಒಂದು ಬಾಡಿಗೆ ಮನೆ ಬೇಕು. ಆಮೇಲೆ ಕೈಕಾಲು ಆಡಿಸದೆ ತಿಂಗಳು ತಿಂಗಳು ಬಾಡಿಗೆ ಬರಬೇಕು. ಇದಕ್ಕೆ ಅವರು ಇನ್ವೆಸ್ಟ್‌ಮೆಂಟ್ ಎನ್ನುತ್ತಾರೆ. ಆ ಶಬ್ದ ಹೇಳುವಾಗ ಮುಖದಲ್ಲಿ ಒಂದು ಗಾಂಭೀರ್ಯ ಬರುತ್ತದೆ, ದೇವಸ್ಥಾನದ ಕಮಿಟಿಗೆ ಸೇರಿದವರ ಹಾಗೆ.

ನಾನು ಕಲ್ಲು ಕಟ್ಟುವ ಮೇಸ್ತ್ರಿ. ಮಂಡೆಕೋಲಿನ ಕಡೆ ಹುಟ್ಟಿದವನು. ಹೈಸ್ಕೂಲು ಮುಗಿಸಿದ ಮೇಲೆ ಮುಂದೆ ಓದಿಸುವವರಿಲ್ಲದೆ ಕರಣೆ ಹಿಡಿದೆ. ಪುತ್ತೂರು, ಸುಳ್ಯ, ಕಡಬ, ಮೂರೂ ತಾಲೂಕುಗಳಲ್ಲಿ ನಾನು ಕಟ್ಟಿದ ಗೋಡೆಗಳಿವೆ. ಮೊಣಕಾಲು ಹೋದ ಮೇಲೆ ನಾನು ಕೆಲಸ ಬಿಟ್ಟೆ, ಆದರೆ ಜಾಗ ನೋಡುವವರು ನನ್ನನ್ನು ಬಿಡಲಿಲ್ಲ. "ಮೇಸ್ತ್ರಿಗಳೇ, ಒಮ್ಮೆ ಬಂದು ನೋಡಿ ಹೇಳಿ, ರಿಕ್ಷಾ ಕಳಿಸ್ತೇನೆ" ಎನ್ನುತ್ತಾರೆ. ರಿಕ್ಷಾ ಬರುತ್ತದೆ, ನಾನು ಹೋಗುತ್ತೇನೆ. ಅವರು ನನ್ನನ್ನು ಕರೆಯುವುದು ನನ್ನ ಅಭಿಪ್ರಾಯ ಕೇಳುವುದಕ್ಕಲ್ಲ, ಅವರ ಅಭಿಪ್ರಾಯಕ್ಕೆ ನಾನು ತಲೆಯಾಡಿಸುವುದಕ್ಕೆ.

ಕಳೆದ ಬೇಸಗೆಯಲ್ಲಿ ಮೀನಿನ ಲಾರಿಯವನೊಬ್ಬ ಕಡಬದ ಹತ್ತಿರ ಒಂದು ಮನೆ ತೋರಿಸಿದ. ಅವನು ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಅಂಗಳದ ನಡುವೆ ಸುತ್ತು ಹೊಡೆಯುತ್ತಿದ್ದ. ಬಾಗಿಲು ಪೂರ್ವಕ್ಕೆ ಸರಿಯಾಗಿ ಉಂಟಾ, ಅಡುಗೆಮನೆ ಆಗ್ನೇಯಕ್ಕೆ ಉಂಟಾ, ಅದೇ ಅವನ ಚಿಂತೆ. ಮನೆಯ ಹಿಂದೆ ತೆಂಗಿನ ಮರದಷ್ಟು ಎತ್ತರಕ್ಕೆ ಬರೆ ನಿಂತಿತ್ತು. ಗುಡ್ಡೆಯನ್ನು ಜೇಸಿಬಿಯಲ್ಲಿ ನೆಟ್ಟಗೆ ಕಡಿದಾಗ ಹಿಂದೆ ಉಳಿಯುವ ಮಣ್ಣಿನ ಗೋಡೆಗೆ ನಾವು ಬರೆ ಎನ್ನುತ್ತೇವೆ. ಆ ಬರೆಯ ನೆತ್ತಿಯಲ್ಲಿ ಒಂದು ಮರ ಅರ್ಧ ಬೇರನ್ನು ಗಾಳಿಗೆ ಚಾಚಿ, ಕೆಳಗೆ ಬಗ್ಗಿ ಅವನನ್ನೇ ನೋಡುತ್ತಿತ್ತು. ಅವನು ಒಮ್ಮೆಯಾದರೂ ತಲೆ ಎತ್ತಲಿಲ್ಲ.

"ಈ ಮರ ಯಾವ ದಿಕ್ಕಿಗೆ ಬೀಳ್ತದೆ ಅಂತ ನಿನ್ನ ಮೊಬೈಲು ಹೇಳ್ತದಾ?" ಎಂದು ಕೇಳಿದೆ.

"ನೀವು ಎಂತ ಮೇಸ್ತ್ರಿಗಳೇ, ಶುಭ ಕಾರ್ಯಕ್ಕೆ ಹೊರಟಾಗ ಅಪಶಕುನ ನುಡಿಯುದು!" ಎಂದ. ವಾಪಸು ಬರಲು ಅವನ ರಿಕ್ಷಾ ಸಿಗಲಿಲ್ಲ. ನಡೆದುಕೊಂಡು ಬಂದೆ.

ಹಾಗಾಗಿ ಹೇಳುವುದನ್ನು ಇಲ್ಲಿ ಬರೆದು ಬಿಡುತ್ತೇನೆ. ಓದಿದರೆ ಓದಲಿ. ನಮ್ಮ ಕಡೆ ಮನೆ ಕೊಳ್ಳುವವನು ಮೊದಲು ನೋಡಬೇಕಾದದ್ದು ಮನೆಯನ್ನಲ್ಲ, ಅದರ ಬೆನ್ನನ್ನು. ಎದುರಿನ ಸಿಟೌಟು, ಗ್ರಾನೈಟಿನ ಮೆಟ್ಟಿಲು, ಗೇಟಿನ ಮೇಲಿನ ನವಿಲು, ಇವೆಲ್ಲ ನಿಮಗಾಗಿ ಮಾಡಿದ್ದು. ಹಿಂದೆ ಹೋಗಿ. ಹಿಂದೆ ಹೋಗಲು ಜಾಗವೇ ಇಲ್ಲದಿದ್ದರೆ ಹಾಗೆಯೇ ಬಸ್ಸು ಹತ್ತಿ. ಬರೆಗೂ ಮನೆಗೂ ನಡುವೆ ಒಬ್ಬ ಮನುಷ್ಯ ಮಲಗುವಷ್ಟಾದರೂ ಅಂತರ ಇಲ್ಲದ ಮನೆಗಳನ್ನು ನಾನು ನೋಡಿದ್ದೇನೆ. ಅಂಥ ಮನೆ ಕೊಂಡವರು "ಹಿಂದೆ ಕಂಪೌಂಡು ಕಟ್ಟುವ ಖರ್ಚು ಉಳೀತು" ಎಂದು ನಗುತ್ತಾರೆ.

ಬ್ರೋಕರುಗಳು ಮನೆ ತೋರಿಸುವುದು ದೀಪಾವಳಿ ಕಳೆದ ಮೇಲೆ. ಮಳೆ ಶುರುವಾದರೆ ಅವರ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ನೀವು ಮಳೆ ಜೋರಿರುವ ಆಟಿ ತಿಂಗಳಲ್ಲಿ ಕೊಡೆ ಹಿಡಿದು ಹೋಗಿ. ಮೇಲಿನ ಮನೆಯವರು ತಮ್ಮ ಅಂಗಳದ ನೀರನ್ನು ಎಲ್ಲಿ ಬಿಡುತ್ತಾರೆ ಎಂದು ನೋಡಿ. ಮಣ್ಣು ತುಂಬಿಸಿ ಸಮತಟ್ಟು ಮಾಡಿದ ಬದಿ ಯಾವುದು, ಗಟ್ಟಿ ನೆಲ ಯಾವುದು ಎಂದು ಕೇಳಿ. ಅರ್ಧ ಮನೆ ಗಟ್ಟಿಯಲ್ಲಿ ನಿಂತು ಇನ್ನರ್ಧ ತುಂಬಿಸಿದ ಮಣ್ಣಿನಲ್ಲಿ ನಿಂತಿದ್ದರೆ ಆ ಮನೆ ಒಂದು ದಿನ ಎರಡು ಮನೆ ಆಗುತ್ತದೆ, ಬಾಡಿಗೆ ಮಾತ್ರ ಒಂದೇ ಬರುತ್ತದೆ. ಒಂದೇ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಆ ಗೋಡೆಯ ಮೇಲೆ ಮನೆಯವರಿಗೆ ಅಷ್ಟು ಪ್ರೀತಿ ಯಾಕೆ ಎಂದು ವಿಚಾರಿಸಿ. "ಕುಮ್ಕಿ ಕೂಡ ಉಂಟು" ಎಂದು ಬ್ರೋಕರು ಬಾಯಿ ಚಪ್ಪರಿಸಿದರೆ ಹಿಗ್ಗಬೇಡಿ. ಕುಮ್ಕಿ ಎಂದರೆ ಕೃಷಿ ಜಾಗದ ಪಕ್ಕದ ಸರಕಾರಿ ಭೂಮಿ. ಅದರಲ್ಲಿ ಸೊಪ್ಪು ಕಡಿಯಬಹುದು, ಅದನ್ನು ಯಾರೂ ಮಾರುವಂತಿಲ್ಲ. ಮನೆ ಕೊಂಡ ಮೇಲೆ ಬಾವಿ ಕುಮ್ಕಿಯಲ್ಲಿದೆ ಎಂದು ಗೊತ್ತಾದವರು ತಹಶೀಲ್ದಾರರ ಕಚೇರಿಯ ಬೆಂಚಿನ ಮೇಲೆ ಹೇಗೆ ಕುಳಿತಿರುತ್ತಾರೆಂದು ನೋಡಬೇಕಾದರೆ ಯಾವ ಸೋಮವಾರವಾದರೂ ಹೋಗಿ.

ಇನ್ನೊಂದು ಮಾತು. ಬ್ರೋಕರಿನ ಜೊತೆ ಬಂದ ಮೇಸ್ತ್ರಿಯ ಮಾತನ್ನು ನಂಬಬೇಡಿ. ಇದನ್ನು ನಾನು ಅಧಿಕಾರದಿಂದ ಹೇಳಬಲ್ಲೆ, ಯಾಕೆಂದರೆ ಆ ಮೇಸ್ತ್ರಿ ನಾನೇ.

ಸುಳ್ಯ ಪೇಟೆಯಿಂದ ಸ್ವಲ್ಪ ಆಚೆ, ಒಂದು ಗುಡ್ಡೆಯ ಸೊಂಟವನ್ನು ಕಡಿದು ಬ್ರೋಕರೊಬ್ಬ ಮನೆ ಕಟ್ಟಿಸಿದ್ದ. ಮಾರುವುದಕ್ಕೆಂದೇ ಕಟ್ಟಿಸಿದ ಮನೆ. ಹಿಂದಿನ ಬರೆಗೆ ಕೆಂಪುಕಲ್ಲಿನ ಗೋಡೆ ಕಟ್ಟುವ ಕೆಲಸ ನನಗೆ ಕೊಟ್ಟ. ಪೊದೆ ಸವರಿಸಿ ಪಾಯ ತೆಗೆಯಲು ಹೋದಾಗ ಬರೆಯ ಬುಡದಲ್ಲಿ ಒಂದು ಸುರಂಗದ ಬಾಯಿ ಕಂಡಿತು. ನಮ್ಮ ಕಡೆ ಹಿಂದಿನವರು ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆಯುತ್ತಿದ್ದರು. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗಬಹುದಾದಷ್ಟು ಅಗಲ. ಒಳಗೆ ಒಸರುವ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಬೋರ್‌ವೆಲ್ ಬಂದ ಮೇಲೆ ಇಂಥವುಗಳನ್ನು ಎಷ್ಟೋ ಜನ ಮರೆತರು. ಇದನ್ನೂ ಮರೆತಿದ್ದರು. ನಾನು ಒಳಗೆ ತಲೆ ಹಾಕಿ ಟಾರ್ಚು ಬಿಟ್ಟೆ. ಬೆಳಕು ಕೊನೆ ಮುಟ್ಟಲಿಲ್ಲ. ಪಾದದ ಮೇಲೆ ತಣ್ಣಗೆ ನೀರು ಹರಿಯುತ್ತಿತ್ತು, ಅದೂ ಕಡು ಬೇಸಗೆಯಲ್ಲಿ.

"ಮುಚ್ಚಿ ಬಿಡು" ಎಂದ ಬ್ರೋಕರು.

"ನೀರು ಉಂಟಲ್ಲ ಒಳಗೆ?"

"ಇರ್ಲಿ ಮಾರಾಯ. ಅದರಷ್ಟಕ್ಕೆ ಗುಡ್ಡೆಯೊಳಗೆ ಇರ್ಲಿ. ಬೋರು ತೆಗೆಸಿ ಆಗಿದೆ. ಬರುವವರು ಇದನ್ನು ನೋಡಿದ್ರೆ ಹಾವು ಉಂಟು, ಬಾವಲಿ ಉಂಟು ಅಂತ ಹೆದರಿ ಓಡ್ತಾರೆ."

"ಮುಚ್ಚುದಾದ್ರೆ ಗೋಡೆಯಲ್ಲಿ ತೂತು ಬಿಡ್ಬೇಕು. ಪೈಪಿನ ತುಂಡು ಇಡುವ."

"ತೂತು ಬಿಟ್ರೆ ನೀರು ಒಸರ್ತದೆ. ಒಸರಿದ್ರೆ ಪಾಚಿ ಹಿಡೀತದೆ. ಪಾಚಿ ಹಿಡಿದ್ರೆ ಫೋಟೋ ಚಂದ ಬರುದಿಲ್ಲ. ನಿನಗೆ ಗೋಡೆ ಕಟ್ಟುವ ಕೆಲಸ ಕೊಟ್ಟದ್ದಾ, ಉಪದೇಶ ಮಾಡುವ ಕೆಲಸ ಕೊಟ್ಟದ್ದಾ?"

ಫೋಟೋ ಚಂದ ಬರಬೇಕು ಎಂಬ ಕಾರಣಕ್ಕೆ ಒಂದು ಗುಡ್ಡೆಯ ನೀರಿನ ದಾರಿಯನ್ನು ಮುಚ್ಚಿದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಸುರಂಗದ ನೀರು ಕುಡಿದು ಬೆಳೆದವನು ನಾನು. ಹೊರಗೆ ಬರಲಾಗದ ನೀರು ಒಳಗೆ ಸುಮ್ಮನೆ ಕುಳಿತಿರುವುದಿಲ್ಲ, ಮಣ್ಣನ್ನು ನೆನೆಸುತ್ತದೆ, ನೆನೆದ ಮಣ್ಣು ಭಾರವಾಗುತ್ತದೆ, ಭಾರವಾದದ್ದು ಕೆಳಗೆ ಬರುತ್ತದೆ. ಇದು ಗೊತ್ತಿದ್ದೂ ಬಾಯಿಗೆ ಕಲ್ಲು ಇಟ್ಟೆ, ಸಿಮೆಂಟು ತುಂಬಿದೆ, ಮೇಲೆ ನುಣ್ಣಗೆ ಸಾರಣೆ ಮಾಡಿದೆ. ಬಿಳಿ ಬಣ್ಣ ಬಳಿದ ಮೇಲೆ ಗೋಡೆ ಮದುಮಗಳ ಹಾಗೆ ನಿಂತಿತು. ಬ್ರೋಕರು ನನ್ನನ್ನೂ ಅದರ ಎದುರು ನಿಲ್ಲಿಸಿ ಫೋಟೋ ತೆಗೆದ. ನಾನು ನಕ್ಕಿದ್ದೇನೆ ಅದರಲ್ಲಿ.

ಆ ಮನೆಯನ್ನು ಕೊಂಡವರು ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಂಟೀನು ನಡೆಸುವ ಅಕ್ಕ. ಗಂಡ ಬೇಗ ತೀರಿಹೋಗಿದ್ದರು. ಬೆಳಗ್ಗೆ ಮೊದಲ ಬಸ್ಸಿನವರಿಗೆ ಚಹಾ ಇಡುವಲ್ಲಿಂದ ಶುರುವಾಗಿ ಸಂಜೆ ಗೋಳಿಬಜೆ ಮುಗಿಯುವ ತನಕ ಒಲೆಯ ಎದುರು ನಿಂತು ದುಡಿದವರು. ದುಡಿದದ್ದನ್ನು ಎಲ್ಲಾದರೂ ಹಾಕಬೇಕು, ವಯಸ್ಸಾದ ಮೇಲೆ ಒಲೆಯ ಎದುರು ನಿಲ್ಲಲಾಗುವುದಿಲ್ಲ, ಒಂದು ಬಾಡಿಗೆ ಮನೆಯಾದರೆ ಕೂತು ಉಣ್ಣಬಹುದು ಎಂಬುದು ಅವರ ಲೆಕ್ಕ. ನಾನು ಅಲ್ಲಿಯ ಕಾಯಂ ಗಿರಾಕಿ. ಒಂದು ದಿನ ಚಹಾದ ಗ್ಲಾಸು ನನ್ನ ಎದುರು ಇಟ್ಟು, ಅಲ್ಲೇ ನಿಂತರು.

"ಮೇಸ್ತ್ರಿಗಳೇ, ಆ ಗುಡ್ಡೆ ಬದಿಯ ಮನೆ ನೋಡಿದೆ. ಹಿಂದಿನ ಗೋಡೆ ನೀವು ಕಟ್ಟಿದ್ದಂತೆ?"

"ಹೌದು."

"ನನಗೆ ಇದೆಲ್ಲ ಗೊತ್ತಾಗುದಿಲ್ಲ. ಮೊದಲ ಸಲ ಕೈ ಹಾಕುದು. ತಕೊಳ್ಬಹುದಾ? ನೀವು ಬೇಡ ಅಂದ್ರೆ ಬಿಟ್ಟೆ."

ಅಷ್ಟು ನೇರವಾಗಿ ಕೇಳಿದರು. ಒಂದೇ ಒಂದು ಶಬ್ದ ಸಾಕಿತ್ತು. ಪಕ್ಕದ ಬೆಂಚಿನವರು ತಿನ್ನುವುದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ನನ್ನ ಮಾತಿಗೆ ಒಂದು ಮನೆ ನಿಲ್ಲುತ್ತದೆ, ಬೀಳುತ್ತದೆ ಎಂದು ನನಗೆ ಹೆಮ್ಮೆಯಾಯಿತು. ಬ್ರೋಕರು ಮುಂದಿನ ಸೈಟಿನ ಕೆಲಸ ಕೊಡುತ್ತೇನೆಂದು ಹೇಳಿದ್ದೂ ಮನಸ್ಸಿನಲ್ಲಿತ್ತು. ಆದರೆ ನಿಜ ಹೇಳಬೇಕೆಂದರೆ ಕೆಲಸದ ಆಸೆಗಿಂತ ಆ ಹೆಮ್ಮೆಯೇ ದೊಡ್ಡದಿತ್ತು. ನಾನು ಕಟ್ಟಿದ ಗೋಡೆಯ ಬಗ್ಗೆ ನಾನೇ ಬೇಡ ಎನ್ನುವುದು ಹೇಗೆ?

"ಕಣ್ಣು ಮುಚ್ಚಿ ತಕೊಳ್ಳಿ ಅಕ್ಕ" ಎಂದೆ.

ಅವರು ಹಾಗೆಯೇ ತಕೊಂಡರು. ಗೃಹಪ್ರವೇಶಕ್ಕೆ ನನ್ನನ್ನು ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸಿದರು, ಅಂಗಿ ಬಟ್ಟೆ ಕೊಟ್ಟರು. ನಾನು ಪಾಯಸವನ್ನು ಎರಡು ಸಲ ಹಾಕಿಸಿಕೊಂಡೆ.

ಮೊದಲ ಮಳೆಗಾಲದಲ್ಲಿ ಏನೂ ಆಗಲಿಲ್ಲ. ಮರು ವರ್ಷವೂ ಆಗಲಿಲ್ಲ. ಏನೂ ಆಗದಿದ್ದಾಗ ಮನುಷ್ಯ ತಾನು ಮಾಡಿದ್ದು ಸರಿ ಎಂದೇ ತಿಳಿಯುತ್ತಾನೆ. ನಾನೂ ಹಾಗೆ ತಿಳಿದು ಆರಾಮವಾಗಿದ್ದೆ. ಈಗ ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ ಮಳೆ ಬೇಗ ಶುರುವಾದಾಗ, ಆ ದಾರಿಯಲ್ಲಿ ಹೋಗುವ ಕೆಲಸ ಬಿತ್ತು. ಸುಮ್ಮನೆ ನೋಡಿ ಬರೋಣವೆಂದು ಹತ್ತಿದೆ.

ಮನೆಯಲ್ಲಿ ಬಾಡಿಗೆಗೆ ಇದ್ದದ್ದು ಗದಗದ ಕಡೆಯ ಒಬ್ಬ ಲೈನ್‌ಮ್ಯಾನ್, ಅವನ ಹೆಂಡತಿ, ಆಗತಾನೇ ಮಗುಚಿ ಬೀಳಲು ಕಲಿತ ಒಂದು ಮಗು. ಅವನು ಕಂಬ ಹತ್ತಲು ಹೋಗಿದ್ದ. ಹಿಂದಿನ ಗೋಡೆ ಕಟ್ಟಿದವನು ನಾನು ಎಂದದ್ದಕ್ಕೆ ಹೆಂಡತಿ ನನ್ನನ್ನು ಒಳಗೆ ಕರೆದಳು.

"ಗ್ವಾಡಿ ಕಟ್ಟಿದ ಅಜ್ಜಾರ ನೀವಾ? ಬರ್ರಿ, ಬರ್ರಿ. ಚಲೋ ಮನಿ ಐತ್ರಿ ಇದು. ನಿಮ್ಮ ಊರಾಗ ಬ್ಯಾಸಗಿ ಅಂದ್ರ ಬೆವರು ಇಳದ ಇಳೀತೈತಿ, ಆದರ ಹಿಂದಿನ ಕೋಣಿ ನೋಡ್ರಿ ಎಷ್ಟ ತಂಪ ಐತಿ! ಫ್ಯಾನ ಬ್ಯಾಡ. ಅದಕ್ಕ ಕೂಸಿನ್ನ ಅಲ್ಲೇ ಮಲಗಸ್ತೀನ್ರಿ."

ನಾನು ಹಿಂದಿನ ಕೋಣೆಗೆ ಹೋದೆ. ಕಿಟಕಿಯ ಕೆಳಗೆ ತೊಟ್ಟಿಲು ಇತ್ತು. ಮಗು ನಿದ್ದೆ ಮಾಡುತ್ತಿತ್ತು. ನಿಜವಾಗಿಯೂ ತಂಪಾಗಿತ್ತು. ಆ ತಂಪು ಎಲ್ಲಿಂದ ಬರುತ್ತಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕಿಟಕಿಯಿಂದ ನನ್ನ ಬಿಳಿ ಗೋಡೆ ಕಾಣುತ್ತಿತ್ತು. ಅದರ ನಡುಭಾಗ ಹೊರಗೆ ಉಬ್ಬಿತ್ತು. ಬಣ್ಣ ಚಕ್ಕೆ ಎದ್ದಿತ್ತು. ನಾನು ಹೊರಗೆ ಹೋಗಿ ಉಬ್ಬಿದಲ್ಲಿ ಅಂಗೈ ಇಟ್ಟೆ. ಮಣ್ಣಿನ ಹೊಸ ಗಡಿಗೆಯ ಹಾಗೆ ತಣ್ಣಗೆ, ಒದ್ದೆಯಾಗಿತ್ತು.

ಅವಳಿಗೆ ಹೇಳಲಿಲ್ಲ. ಅಷ್ಟು ಧೈರ್ಯ ಆ ಹೊತ್ತಿಗೆ ಬರಲಿಲ್ಲ. "ಮಗುವನ್ನು ಎದುರಿನ ಕೋಣೆಯಲ್ಲಿ ಮಲಗಿಸಮ್ಮ, ಇಲ್ಲಿ ತೇವ ಉಂಟು, ಶೀತ ಆಗ್ತದೆ" ಎಂದು ಹೇಳಿ ಇಳಿದು ಬಂದೆ. ಶೀತವಂತೆ! ಗುಡ್ಡೆ ಬೀಳುವುದಕ್ಕೆ ನಾನು ಕೊಟ್ಟ ಹೆಸರು.

ಮರುದಿನ ಬೆಳಗ್ಗೆ ಕ್ಯಾಂಟೀನಿಗೆ ಹೋದೆ. ತಿಂಡಿಯ ಗಲಾಟೆ ಮುಗಿಯುವ ತನಕ ಕಾದೆ. ಅಕ್ಕ ಬಂಡೆಯಂಥ ಕಾವಲಿಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಸುರಂಗ, ಬ್ರೋಕರು, ತೂತಿಲ್ಲದ ಗೋಡೆ, ನನ್ನ ಸುಳ್ಳು. ಅವರು ಬೈಯುತ್ತಾರೆ, ಕಾವಲಿ ಎತ್ತಿ ಹೊಡೆದರೂ ಹೊಡೆದಾರು ಎಂದುಕೊಂಡಿದ್ದೆ. ಬೈಸಿಕೊಂಡರೆ ನನ್ನ ಪಾಲಿನದ್ದು ಮುಗಿಯಿತು ಎಂಬ ಆಸೆಯೂ ಇತ್ತು. ಪಶ್ಚಾತ್ತಾಪ ಪಡುವವರಲ್ಲಿ ಇಂಥ ಒಂದು ಕಳ್ಳತನ ಇರುತ್ತದೆ.

ಅವರು ಬೈಯಲಿಲ್ಲ. ಉಜ್ಜುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿ, ಮೆಲ್ಲಗೆ ಕೇಳಿದರು.

"ಇದನ್ನು ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಹೇಳ್ಬೇಡಿ. ನಾನು ಅದನ್ನು ಮಾರ್ತಾ ಇದ್ದೇನೆ. ಗಿರಾಕಿ ಸಿಕ್ಕಿದೆ."

ಗಿರಾಕಿ ರಾಮಕುಂಜದ ಕಡೆಯ ಒಬ್ಬ ಬಸ್ ಕಂಡಕ್ಟರು. ಅವನಿಗೂ ಅದು ಮೊದಲ ಇನ್ವೆಸ್ಟ್‌ಮೆಂಟ್. ಭಾನುವಾರ ಹೆಂಡತಿಯನ್ನು ಕರೆದುಕೊಂಡು ನೋಡಲು ಬರುವವನಿದ್ದ.

"ಅಕ್ಕ, ಅಲ್ಲಿ ಮಗು ಉಂಟು" ಎಂದೆ.

"ಇಷ್ಟು ಸಮಯ ನಿಮಗೆ ಗೊತ್ತಿರ್ಲಿಲ್ವಾ, ಅಲ್ಲಿ ಜನ ಇರ್ತಾರೆ ಅಂತ?" ಅವರ ಸ್ವರ ಈಗ ಏರಿತು. "ನೀವು ಕಣ್ಣು ಮುಚ್ಚಿ ತಕೊಳ್ಳಿ ಅಂದದ್ದಕ್ಕೆ ನಾನು ತಕೊಂಡದ್ದು. ಈಗ ಬಂದು ಧರ್ಮರಾಯನ ಹಾಗೆ ಮಾತಾಡುದು. ಭಾನುವಾರ ನೀವೂ ಬನ್ನಿ. ನನಗೆ ಹೇಳಿದ್ದನ್ನೇ ಅವರಿಗೂ ಹೇಳಿ. ಅಷ್ಟು ಮಾಡಿದ್ರೆ ನಿಮ್ಮ ನನ್ನ ನಡುವೆ ಎಂತ ಬಾಕಿ ಇಲ್ಲ."

ನಾನು ಎದ್ದೆ. ಅವರ ಮೇಲೆ ಹೇಸಿಗೆಯಾಯಿತು. ಆ ಹೇಸಿಗೆ ಬಸ್‌ಸ್ಟ್ಯಾಂಡು ದಾಟುವ ತನಕವೂ ಉಳಿಯಲಿಲ್ಲ. ಅವರು ಕೇಳಿದ್ದರಲ್ಲಿ ನಾನು ಮಾಡದೇ ಇದ್ದದ್ದು ಏನೂ ಇರಲಿಲ್ಲ.

ಭಾನುವಾರದ ತನಕ ಮಳೆ ಬಿಟ್ಟು ಬಿಟ್ಟು ಸುರಿಯಿತು. ನಾನು ಹಳೆಯ ಉಳಿ, ಸುತ್ತಿಗೆಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋದೆ. ಅಕ್ಕ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಚೀಲವನ್ನು ನೋಡಿದರು. ಕಂಡಕ್ಟರು ಇಸ್ತ್ರಿ ಮಾಡಿದ ಪ್ಯಾಂಟು, ಹೊಳೆಯುವ ಬೂಟು ಹಾಕಿಕೊಂಡು ಬೈಕಿನಿಂದ ಇಳಿದ. ಹೆಂಡತಿಗೆ ಹುಷಾರಿಲ್ಲವಂತೆ, ಒಬ್ಬನೇ ಬಂದಿದ್ದ. ನಳ್ಳಿ ತಿರುಗಿಸಿದ, ಸ್ವಿಚ್ಚು ಹಾಕಿ ನೋಡಿದ, ನೆಲದ ಟೈಲ್ಸನ್ನು ಬೂಟಿನಿಂದ ತಟ್ಟಿದ. ಲೈನ್‌ಮ್ಯಾನಿನ ಹೆಂಡತಿ ಒಳಗೆ ಚಹಾ ಇಟ್ಟಿದ್ದಳು. ಕೊನೆಗೆ ಹಿಂದೆ ಬಂದ. ಲೈನ್‌ಮ್ಯಾನೂ ನಮ್ಮ ಜೊತೆ ಬಂದು ನಿಂತ.

"ಗೋಡೆ ಸ್ವಲ್ಪ ಉಬ್ಬಿದ ಹಾಗೆ ಕಾಣ್ತದಲ್ಲ?" ಎಂದ ಕಂಡಕ್ಟರು.

ಅಕ್ಕ ನನ್ನನ್ನು ನೋಡಿದರು. "ಮೇಸ್ತ್ರಿಗಳು ಕಟ್ಟಿದ್ದು. ಅವರನ್ನೇ ಕೇಳಿ."

ಮಾತಾಡಿದರೆ ಮತ್ತೆ ಏನು ಬಾಯಿಗೆ ಬರುತ್ತದೋ ಎಂದು ಭಯವಾಯಿತು. "ಮೊದಲು ಮಗುವನ್ನು ತಕೊಂಡು ಎಲ್ಲರೂ ಎದುರಿನ ಅಂಗಳಕ್ಕೆ ಹೋಗಿ" ಎಂದು ಲೈನ್‌ಮ್ಯಾನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ, ಕಾರಣ ಕೇಳದೆ ಒಳಗೆ ಓಡಿದ. ನಾನು ಕೂತು, ಉಬ್ಬಿದ ಭಾಗದಿಂದ ದೂರಕ್ಕೆ, ಗೋಡೆಯ ಬುಡದ ತುದಿಯಲ್ಲಿ ಉಳಿ ಇಟ್ಟು ಹೊಡೆದೆ. ಅಕ್ಕ "ಎಂತ ಮಾಡ್ತಾ ಇದ್ದೀರಿ! ನಿಮಗೆ ಹುಚ್ಚಾ?" ಎಂದು ಕೂಗಿದರು. ಸಾರಣೆ ಉದುರಿತು. ಕಲ್ಲಿನ ಸಂದಿಗೆ ಉಳಿ ಇಳಿಯಿತು. ಉಳಿಯನ್ನು ಎಳೆದ ಕೂಡಲೇ ಕೆಂಪು ನೀರು ಚಿಮ್ಮಿ ಕಂಡಕ್ಟರನ ಬೂಟಿನ ಮೇಲೆ ಬಿತ್ತು.

ಅವನು ಹಿಂದೆ ಹಾರಿದ. ಆಮೇಲೆ ಅವನ ಮುಖ ಅರಳಿತು.

"ಓ! ನೀರು ಉಂಟಾ ಇಲ್ಲಿ! ಇದನ್ನು ಯಾಕೆ ಹೇಳ್ಲಿಲ್ಲ ಅಕ್ಕ? ಬೋರಿನ ಕರೆಂಟು ಬಿಲ್ಲೇ ಉಳೀತಲ್ಲ!"

ಇಂಥವರಿಗೆ ಹೇಗೆ ಬುದ್ಧಿ ಹೇಳುವುದು? ನಾನು ಉಳಿ ಕೆಳಗಿಟ್ಟು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಈ ಗೋಡೆಯ ಹಿಂದೆ ಸುರಂಗ ಉಂಟು, ಬಾಯಿ ಮುಚ್ಚಿದವನು ನಾನು, ಗುಡ್ಡೆ ನೀರು ಕುಡಿದು ಕೂತಿದೆ, ಗೋಡೆ ಉಬ್ಬಿದ್ದು ಅದರಿಂದ, ಈ ಮಳೆಗಾಲದಲ್ಲಿ ಬರೆ ಬಂದರೆ ನೇರ ಹಿಂದಿನ ಕೋಣೆಗೆ ಬರುತ್ತದೆ. ಮಗುವನ್ನು ಹೆಂಡತಿಯ ಕೈಗೆ ಕೊಟ್ಟು ತಿರುಗಿ ಬಂದಿದ್ದ ಲೈನ್‌ಮ್ಯಾನ್ ಇದನ್ನು ಕೇಳಿ ಬೆಳ್ಳಗಾದ.

"ಇದರ ಬಾಜೂಕ ನನ್ನ ಕೂಸು ಮಲಗಿತ್ತಲ್ರೀ ಅಜ್ಜಾರ! ಮೊನ್ನಿ ಬಂದಾಗ ಹೇಳಬೇಕಿಲ್ರಿ? ಶೀತ ಆಗತೈತಿ ಅಂತ ಹೇಳಿ ಹೋಗೀರಿ!"

ಅವನು ಒಳಗೆ ಹೋಗಿ ಸಾಮಾನು ಹೊರಗೆ ಹಾಕತೊಡಗಿದ. ಅವನ ಹೆಂಡತಿ ಪಾತ್ರೆ ತರಲು ಹೋಗುವಾಗ ಮಗುವನ್ನು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಆ ಒಳ್ಳೆಯ ಸೀರೆಯ ಮೇಲೆಯೇ ಮಗುವನ್ನು ಸೊಂಟಕ್ಕೆ ಏರಿಸಿಕೊಂಡರು. ಕಂಡಕ್ಟರು ಮಾತ್ರ ಬೂಟನ್ನು ಹುಲ್ಲಿಗೆ ಒರೆಸುತ್ತ ಏನೋ ಲೆಕ್ಕ ಹಾಕುತ್ತಿದ್ದ.

"ಅಕ್ಕ, ಹಾಗಾದ್ರೆ ರೇಟು ಸ್ವಲ್ಪ ಇಳಿಸ್ಬೇಕು ನೀವು" ಎಂದ. "ಗೋಡೆ ರಿಪೇರಿ ನಾನು ಬೇಸಗೆಯಲ್ಲಿ ಮಾಡಿಸ್ತೇನೆ. ಈಗ ಹೀಗೇ ಇರ್ಲಿ."

"ಈ ಮಳೆಗಾಲಕ್ಕೆ?" ನಾನು ಕೇಳಿದೆ.

"ಅಯ್ಯೋ, ನಾವೆಂತ ಇಲ್ಲಿ ಮಲಗುದಾ ಮೇಸ್ತ್ರಿಗಳೇ? ಬಾಡಿಗೆಗೆ ಕೊಡುದಲ್ವಾ!"

ಅವನು ಕೆಟ್ಟವನಲ್ಲ. ಬಸ್ಸಿನಲ್ಲಿ ಮುದುಕಿಯರಿಗೆ ಸೀಟು ಬಿಡಿಸಿಕೊಡುವವನು, ನಾನೇ ಕಂಡಿದ್ದೇನೆ. ಆದರೆ ಇನ್ವೆಸ್ಟ್‌ಮೆಂಟ್ ಎಂಬುದರೊಳಗೆ ಕಾಲಿಟ್ಟ ಕೂಡಲೇ ಮನೆಯಲ್ಲಿ ಮಲಗುವವರು ಬೇರೆ, ಅದನ್ನು ಕೊಳ್ಳುವವರು ಬೇರೆ ಎಂದಾಗಿ ಬಿಡುತ್ತದೆ. ಬ್ರೋಕರಿಗೆ ಹಾಗೆ ಆಗಿತ್ತು. ಗೋಡೆ ಕಟ್ಟಿದ ನನಗೆ ಆಗಿತ್ತು. ಅಕ್ಕನಿಗೂ ಆಗಿತ್ತು. ನಾವ್ಯಾರೂ ಅದನ್ನು ಇಷ್ಟು ಗಟ್ಟಿಯಾಗಿ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಅಕ್ಕ ಮಗುವಿನ ಕೈಯಿಂದ ತಮ್ಮ ಸೀರೆಯ ಪಿನ್ನನ್ನು ಬಿಡಿಸಿಕೊಳ್ಳುತ್ತಿದ್ದರು. ತಲೆ ಎತ್ತಿ ಹೇಳಿದರು.

"ನೀವು ಹೋಗಿ."

"ಅಲ್ಲ ಅಕ್ಕ, ರೇಟು ಮಾತಾಡುವ..."

"ಹೋಗಿ ಅಂದೆ. ಮಾರ್ಲಿಕ್ಕೆ ಇಲ್ಲ. ನಿಮ್ಮ ಬೂಟು ಹಾಳಾದದ್ದಕ್ಕೆ ಮೇಸ್ತ್ರಿಗಳ ಹತ್ತಿರ ತಕೊಳ್ಳಿ."

ಅವರು ಯಾಕೆ ಮಾರಲಿಲ್ಲ ಎಂದು ನನಗೆ ಇವತ್ತಿಗೂ ಖಚಿತವಿಲ್ಲ. ಸೊಂಟದ ಮೇಲಿದ್ದ ಮಗುವಿಗಾಗಿಯೋ, ಅವನು ಚೌಕಾಸಿ ಮಾಡಿದ ಸಿಟ್ಟಿಗಾಗಿಯೋ. ಕೇಳುವ ಹಕ್ಕು ನನಗಿಲ್ಲ. ಕಂಡಕ್ಟರು ಹೋದ ಮೇಲೆ ನನ್ನ ಕಡೆ ತಿರುಗಿದರು. ಆಗ ಬೈದರು. ಆ ಬೈಗುಳವನ್ನು ಬರೆದರೆ ಇದನ್ನು ಯಾರೂ ಅಚ್ಚು ಹಾಕುವುದಿಲ್ಲ. ಕೊನೆಗೆ ಹೇಳಿದ್ದು ಇಷ್ಟು: "ನಾಳೆಯಿಂದ ಬಂದು ಇದನ್ನು ನೀವೇ ಬಿಚ್ಚಬೇಕು. ಒಂದೊಂದು ಕಲ್ಲೂ."

ಲೈನ್‌ಮ್ಯಾನಿನ ಸಂಸಾರ ಅದೇ ದಿನ ಅವನ ಜೊತೆಯವನ ಕ್ವಾರ್ಟರ್ಸಿಗೆ ಹೋಯಿತು. ಹೋಗುವಾಗ ಅವನು ನನ್ನ ಮುಖ ನೋಡಲಿಲ್ಲ. ಮರುದಿನ ನಾನು ಗುರುತಿನ ಇಬ್ಬರು ಕೆಲಸದವರನ್ನು ಕರೆದುಕೊಂಡು ಹೋಗಿ, ಮೊದಲು ಬುಡದಲ್ಲಿ ಅಲ್ಲಲ್ಲಿ ತೂತು ಮಾಡಿ ನೀರು ಇಳಿಯಲು ಬಿಟ್ಟೆ. ನೀರು ತಿಳಿಯಾಗುವ ತನಕ ಕಾದು, ಮೇಲಿನಿಂದ ಕಲ್ಲು ಇಳಿಸಿದೆವು. ಬೇಗ ಆಗಲಿಲ್ಲ. ಗೋಡೆಯನ್ನು ನಾನು ಅಷ್ಟು ಗಟ್ಟಿಯಾಗಿ ಕಟ್ಟಿದ್ದೆ. ಒಳ್ಳೆಯ ಕೆಲಸವನ್ನು ಕೆಟ್ಟದ್ದಕ್ಕೆ ಮಾಡಿದರೆ ಅದನ್ನು ಬಿಚ್ಚುವುದು ಎಷ್ಟು ಕಷ್ಟ ಎಂದು ನನ್ನ ಮೊಣಕಾಲುಗಳು ದಿನವೂ ಹೇಳಿದವು. ಸುರಂಗದ ಬಾಯಿಯ ಕಲ್ಲು ತೆಗೆದ ದಿನ ಒಳಗಿನಿಂದ ತಣ್ಣನೆಯ ಗಾಳಿಯೂ ಕೊಳೆತ ಸೊಪ್ಪಿನ ವಾಸನೆಯೂ ಹೊರಗೆ ಬಂದವು. ಆಮೇಲೆ ಮಳೆ ಬಿಟ್ಟ ಮೇಲೆ ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿದೆವು. ಹಿಂದಿನ ಕೋಣೆಯನ್ನು ಅಕ್ಕ ತೆಂಗಿನಕಾಯಿ ರಾಶಿ ಹಾಕಲು ಇಟ್ಟುಕೊಂಡಿದ್ದಾರೆ. ಮನೆಯನ್ನು ಮತ್ತೆ ಬಾಡಿಗೆಗೆ ಕೊಟ್ಟಿಲ್ಲ. ಅವರು ಈಗಲೂ ಒಲೆಯ ಎದುರು ನಿಂತಿದ್ದಾರೆ, ಕೂತು ಉಣ್ಣುವ ಲೆಕ್ಕ ತಪ್ಪಿತು. ತಪ್ಪಿಸಿದವನು ನಾನು.

ಕ್ಯಾಂಟೀನಿಗೆ ನಾನು ಹೋಗುವುದನ್ನು ಬಿಟ್ಟಿಲ್ಲ. ಅಲ್ಲಿ ಕೂತವರಿಗೆಲ್ಲ ಕಥೆ ಗೊತ್ತು. ಎರಡು ಮಳೆಗಾಲ ಕಳೆದವು. ಬರೆ ಬೀಳಲಿಲ್ಲ. ಸುರಂಗದಿಂದ ನೀರು ತೋಡಿಗೆ ಹರಿಯುತ್ತಿದೆ, ಗುಡ್ಡೆ ನಿಂತಲ್ಲೇ ನಿಂತಿದೆ. ಬೀಳದೇ ಇದ್ದದ್ದರಿಂದ ಅದು ಬೀಳಲಿಕ್ಕಿತ್ತು ಎಂದು ಈಗ ಯಾರೂ ನಂಬುವುದಿಲ್ಲ. ಜೋರು ಮಳೆ ಬಂದ ಮರುದಿನ ನಾನು ಬೆಂಚಿನಲ್ಲಿ ಕೂತರೆ ಸಾಕು, ಅಕ್ಕ ಎಲ್ಲರಿಗೂ ಕೇಳುವ ಹಾಗೆ ಶುರು ಮಾಡುತ್ತಾರೆ.

"ಎಂತ ಮೇಸ್ತ್ರಿಗಳೇ, ನಿಮ್ಮ ಗುಡ್ಡೆ ಇನ್ನೂ ಬೀಳ್ಲಿಲ್ವಾ? ನನ್ನ ಬಾಡಿಗೆ ತಿಂದದ್ದು ಸಾಕಾಗ್ಲಿಲ್ವಾ ಅದಕ್ಕೆ?"

ಬೆಂಚಿನವರು ನಗುತ್ತಾರೆ.

"ಇಲ್ಲ ಅಕ್ಕ, ಬೀಳ್ಲಿಲ್ಲ" ಎನ್ನುತ್ತೇನೆ.

ಅವರು ಚಹಾದ ಗ್ಲಾಸನ್ನು ನನ್ನ ಎದುರು ಕುಕ್ಕಿ ಇಡುತ್ತಾರೆ. ಅರ್ಧ ಚೆಲ್ಲಿ ಹೋಗುತ್ತದೆ. ಉಳಿದ ಅರ್ಧವನ್ನು ಕುಡಿದು ನಾನು ಎದ್ದು ಬರುತ್ತೇನೆ.